ಬಿಸಿಲುಗಣ್ಣಿಗೆ ಬೆಳಗಿದ ಆರತಿ

ಬಿಳಿಗಟ್ಟಿನ ಉಪ್ಪಿನಾಗರದ ಜನ ಬೊಮ್ಮಯ್ಯ ನಾಯಕರ ಗಂಟೆಯನ್ನು ನಂಬಿ ಬದುಕಿದವರು. ಮೂರು ಪೆಟ್ಟು ಬಿತ್ತೆಂದರೆ ಉಪ್ಪು ಎಳೆಯುತ್ತಿದ್ದ ಹೆಂಗಸರು ಹಲಗೆಯನ್ನು ಇದ್ದಲ್ಲೇ ಬಿಟ್ಟು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನೆರಳುಮನೆಗೆ ನಡೆಯುವರು. ಸಂಜೆ ಒಂದು ಪೆಟ್ಟು ಬಿದ್ದ ಮೇಲೆಯೇ ಮತ್ತೆ ಉಪ್ಪಿನ ಗದ್ದೆಗೆ ಇಳಿಯುವರು. ಭೂಮಿಗೆ ಕೊಡೆ ಹಿಡಿದಿದ್ದ ಓಝೋನ್ ಪದರ ತೆಳುವಾಗಿ ಆಗ ಮೂವತ್ತು ವರ್ಷ ಸಂದಿತ್ತು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಪಾಲಿದೆ, ನೇರಳೆ ಬಣ್ಣದ ಆಚೆಗಿನದು. ಕೊಡೆ ಗಟ್ಟಿಯಿದ್ದಾಗ ಅದರ ಬಹುಪಾಲು ಮೇಲೆಯೇ ನಿಲ್ಲುತ್ತಿತ್ತು. ಈಗ ಅದು ನೇರ ಇಳಿದು ಚರ್ಮ ಸುಡುತ್ತಿತ್ತು, ಕಣ್ಣಿಗೆ ಪೊರೆ ತರುತ್ತಿತ್ತು. ಬಿಸಿಲಿನ ಕಾವನ್ನು ನೋಡಿ ಅದನ್ನು ತಿಳಿಯುವಂತಿಲ್ಲ. ತಣ್ಣನೆ ಗಾಳಿ ಬೀಸುವ ಹೊತ್ತಿನಲ್ಲೂ ಅದು ಹೆಚ್ಚಿರಬಹುದು. ಅದಕ್ಕೇ ಅಳತೆ ಬೇಕಾಯಿತು, ಅಳೆಯುವುದಕ್ಕೆ ಕರಾವಳಿಯುದ್ದಕ್ಕೂ ಎಂಟು ಠಾಣೆಗಳಾದವು, ಠಾಣೆಗೊಬ್ಬ ಕಾವಲಿನವನಾದ.

ಠಾಣೆಯೆಂದರೆ ಆಗರದ ನಡುವಿನ ದಂಡೆಯ ಮೇಲೆ ಒಂದು ಕೋಣೆ. ಅದರ ತಾರಸಿಯ ಮೇಲೆ ಎದೆಯೆತ್ತರದ ಕಂಬ. ಕಂಬದ ತುದಿಗೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಸ್ಫಟಿಕದ ಗುಮ್ಮಟ. ಸಾದಾ ಗಾಜು ಆ ಕಿರಣವನ್ನು ತಡೆಯುವುದರಿಂದ ಸ್ಫಟಿಕವೇ ಆಗಬೇಕು. ಗುಮ್ಮಟದ ಒಳಗೆ ಒಂದು ಬಿಳಿ ಬಿಲ್ಲೆ, ಬಿಲ್ಲೆಯ ಕೆಳಗೆ ಬೆಳಕನ್ನು ಅಳೆಯುವ ಯಂತ್ರ. ಜನ ಅದಕ್ಕೆ ಬಿಸಿಲುಗಣ್ಣು ಎಂದು ಹೆಸರಿಟ್ಟಿದ್ದರು. ಅದು ಕಂಡದ್ದು ಕೆಳಗಿನ ಕೋಣೆಯಲ್ಲಿ ಅಂಕವಾಗಿ ಮೂಡುತ್ತಿತ್ತು. ಅಂಕ ಆರನ್ನು ದಾಟಿತೋ, ಗಂಟೆ.

ಬೊಮ್ಮಯ್ಯ ಇಪ್ಪತ್ತಾರು ವರ್ಷ ಆ ಕಣ್ಣಿನ ಸೇವೆ ಮಾಡಿದ್ದರು. ಸೇವೆ ಎಂಬ ಮಾತು ಅವರದೇ. ಬೆಳಗಾಗುವುದರೊಳಗೆ ಮಿಂದು, ಸೂರ್ಯನಾರಾಯಣನಿಗೆ ನೀರು ಬಿಟ್ಟು, ತಾರಸಿ ಹತ್ತಿ, ಕೈಪಿಡಿಯಲ್ಲಿ ಬರೆದಂತೆ ಒಣ ಬಟ್ಟೆಯಿಂದ ಗುಮ್ಮಟವನ್ನು ಒರೆಸುವರು. ಆಮೇಲೆ ಕೈಪಿಡಿಯಲ್ಲಿ ಬರೆಯದೇ ಇದ್ದ ಒಂದು ಕೆಲಸ ಮಾಡುವರು. ಎರಡು ಬಿಲ್ಲೆ ಕರ್ಪೂರ ಹಚ್ಚಿ, ಗಾಳಿಗೆ ಆರದಂತೆ ಎಡಗೈ ಅಡ್ಡ ಹಿಡಿದು, ಗುಮ್ಮಟಕ್ಕೆ ಹತ್ತಿರದಿಂದ ಮೂರು ಸುತ್ತು ಆರತಿ ಬೆಳಗುವರು. ಯಾರಿಗೂ ಕಾಣದ್ದನ್ನು ಕಾಣುವ ಕಣ್ಣು. ಅದಕ್ಕೆ ಕೈಮುಗಿಯದೆ ಕೆಲಸಕ್ಕೆ ಹಚ್ಚುವುದು ಹೇಗೆ? ಎಣ್ಣೆದೀಪವಾದರೆ ಜಿಡ್ಡು, ಊದುಬತ್ತಿಯಾದರೆ ಬೂದಿ, ಗಂಧವಾದರೆ ಕಲೆ. ಕರ್ಪೂರ ಮಾತ್ರ ಉರಿದು ಹಿಂದೆ ಏನನ್ನೂ ಉಳಿಸುವುದಿಲ್ಲವೆಂದು ಅವರ ಅಜ್ಜ ಹೇಳಿಕೊಟ್ಟಿದ್ದ. ಯಂತ್ರದ ಮೇಲಿನ ಕಾಳಜಿಯಿಂದಲೇ ಅವರು ಕರ್ಪೂರವನ್ನು ಆರಿಸಿಕೊಂಡಿದ್ದರು.

ಆ ಎರಡು ಬಿಲ್ಲೆಗಳನ್ನು ಹಿತ್ತಾಳೆಯ ಸಣ್ಣ ಡಬ್ಬಿಯಲ್ಲಿ ಹಾಕಿಕೊಡುತ್ತಿದ್ದವಳು ಅವರ ಹೆಂಡತಿ ಹೊನ್ನಮ್ಮ. ಅವಳು ತೀರಿಕೊಂಡು ಐದು ತಿಂಗಳಾಗಿತ್ತು. ಹುಬ್ಬಿನ ಕೆಳಗೆ ಒಂದು ಹುಣ್ಣು ಎದ್ದು, ಮಾಯದೆ, ರೆಪ್ಪೆಯನ್ನು ತಿಂದು ಒಳಕ್ಕೆ ಇಳಿದಿತ್ತು. ದಿನವೂ ಹತ್ತು ಗಂಟೆಗೆ ಗಂಡನಿಗೆ ಗಂಜಿ ತರುವ ನೆಪದಲ್ಲಿ ದಂಡೆಯ ಮೇಲೆ ನಿಂತು ಆಗರದ ಹೆಂಗಸರೊಡನೆ ಅರ್ಧ ತಾಸು ಹರಟುವುದು ಅವಳ ರೂಢಿ. ಅಷ್ಟೇ ಅವಳು ಕಂಡ ಬಿಸಿಲು. ಅಷ್ಟರಲ್ಲಿ ಹೀಗಾದೀತೇ ಎಂದು ಡಾಕ್ಟರೇ ಕೇಳಿದ್ದರು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಕಾರವಾರದ ಕಡೆಯಿಂದ ಇಲಾಖೆಯ ಜೀಪು ಬಂದು ನಿಂತಿತು. ಇಳಿದವಳು ಅನಘಾ ಪೆಡ್ನೇಕರ. ಮಾಪಕಗಳನ್ನು ಪರೀಕ್ಷಿಸುವ ಅಧಿಕಾರಿ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪರೀಕ್ಷೆ ನಡೆಯುವುದು ವರ್ಷಕ್ಕೊಮ್ಮೆ, ಉಪ್ಪಿನ ಹಂಗಾಮು ಶುರುವಾಗುವ ಮುಂಚೆ, ಡಿಸೆಂಬರಿನಲ್ಲಿ. ಏಪ್ರಿಲಿನಲ್ಲಿ ಯಾರೂ ಬಂದದ್ದಿಲ್ಲ.

“ಏನು ಮೇಡಂ, ಹೇಳದೆ ಕೇಳದೆ?” ಎಂದರು ಬೊಮ್ಮಯ್ಯ. “ಹೇಳಿದ್ದರೆ ಎರಡು ಎಳನೀರಾದರೂ ಇಳಿಸಿಡುತ್ತಿದ್ದೆ.”

“ಹೇಳಿದ್ದರೆ ಎಳನೀರಿನ ಜೊತೆ ಯಂತ್ರವನ್ನೂ ತೊಳೆದಿಡುತ್ತಿದ್ದಿರಿ ನಾಯಕರೇ. ಅದಕ್ಕೇ ಹೇಳಲಿಲ್ಲ,” ಎಂದು ಅವಳು ನಕ್ಕಳು.

ತಾರಸಿಯ ಮೇಲೆ ಅವಳು ತನ್ನ ಪೆಟ್ಟಿಗೆಯಿಂದ ಇನ್ನೊಂದು ಮಾಪಕವನ್ನು ತೆಗೆದು, ಬಿಸಿಲುಗಣ್ಣಿನ ಪಕ್ಕದಲ್ಲಿ ಮಟ್ಟಸವಾಗಿ ನಿಲ್ಲಿಸಿದಳು. ಅದು ಇಲಾಖೆಯ ಮೂಲಮಾಪಕ. ಉಳಿದ ಎಲ್ಲವುಗಳ ಸರಿತಪ್ಪನ್ನು ಅದಕ್ಕೆ ಹೋಲಿಸಿ ಹೇಳುವುದು. ಬೊಮ್ಮಯ್ಯ ರೂಢಿಯಂತೆ ಆಲ್ಕೋಹಾಲಿನ ಸೀಸೆಯನ್ನೂ ಹತ್ತಿಯನ್ನೂ ಹಿಡಿದು ಮುಂದೆ ಬಂದರು. ಪ್ರತಿ ಡಿಸೆಂಬರಿನಲ್ಲೂ ಹಾಗೆಯೇ. ನೆಂಟರು ಬಂದಾಗ ಮಗುವಿನ ಮುಖ ತೊಳೆದು ಎದುರಿಗೆ ತರುವಂತೆ, ಹೋಲಿಕೆಗೆ ಮೊದಲು ಗುಮ್ಮಟವನ್ನು ಆಲ್ಕೋಹಾಲಿನಲ್ಲಿ ತೊಳೆಯಬೇಕೆಂದು ನಿಯಮವೇ ಇತ್ತು.

“ಬೇಡ. ಇದ್ದ ಹಾಗೆಯೇ ಇರಲಿ,” ಎಂದಳು ಅನಘಾ. “ಆಸ್ಪತ್ರೆಯವರು ಒಂದು ಪಟ್ಟಿ ಕಳಿಸಿದ್ದಾರೆ. ಕಣ್ಣಿನ ರೋಗಿಗಳದ್ದು. ಅಂಕ ಅತಿ ಕಡಿಮೆ ತೋರಿಸುವ ಠಾಣೆಗಳಿಂದಲೇ ಹೆಚ್ಚು ಜನ ಬರುತ್ತಿದ್ದಾರಂತೆ. ತೊಳೆದ ಮೇಲೆ ಹೇಗಿರುತ್ತದೆ ಎಂಬುದರ ಲೆಕ್ಕ ನಮ್ಮ ಹತ್ತಿರ ಬೇಕಾದಷ್ಟಿದೆ. ತೊಳೆಯುವ ಮುಂಚೆ ಹೇಗಿರುತ್ತದೆ ಎಂದು ಇಷ್ಟು ವರ್ಷ ಯಾರೂ ನೋಡಿಲ್ಲ.”

ಎರಡು ಅಂಕಗಳು ಮೂಡಿದವು. ಬಿಸಿಲುಗಣ್ಣಿನದು ಐದು ಪಾಯಿಂಟ್ ಒಂದು. ಮೂಲಮಾಪಕದ್ದು ಏಳು ಪಾಯಿಂಟ್ ಮೂರು.

ಅನಘಾ ತಾರಸಿಯ ಅಂಚಿಗೆ ಹೋಗಿ ಕೆಳಗೆ ನೋಡಿದಳು. ಕನ್ನಡಿಯಂತೆ ಹೊಳೆಯುವ ಗದ್ದೆಗಳಲ್ಲಿ ನಲವತ್ತು ಹೆಂಗಸರು ಬಗ್ಗಿ ಉಪ್ಪು ಎಳೆಯುತ್ತಿದ್ದರು. ಸರಕಾರ ಕೊಟ್ಟ ಕಪ್ಪು ಕನ್ನಡಕ ಬೆವರಿಗೆ ಮಬ್ಬಾಗುತ್ತದೆಂದು ಎಲ್ಲರೂ ಅದನ್ನು ಹಣೆಗೆ ಏರಿಸಿಕೊಂಡಿದ್ದರು. ಗಂಟೆ ಆಗಿಲ್ಲವಲ್ಲ!

“ಗಂಟೆ ಹೊಡೀರಿ,” ಎಂದಳು. ಆಮೇಲೆ ಕೂಗಿಯೇ ಬಿಟ್ಟಳು. “ನಾಯಕರೇ, ಗಂಟೆ!”

ಬೊಮ್ಮಯ್ಯ ಮೆಟ್ಟಿಲು ಇಳಿದದ್ದು ಅವರಿಗೇ ತಿಳಿಯಲಿಲ್ಲ. ಹಗ್ಗ ಹಿಡಿದ ಕೈ ನಡುಗಿ ಮೂರು ಪೆಟ್ಟು ನಾಲ್ಕಾದವು. ಹೆಂಗಸರು ತಲೆಯೆತ್ತಿ ಠಾಣೆಯ ಕಡೆ ನೋಡಿದರು. “ಇವತ್ತೆಂತ ಬೊಮ್ಮಣ್ಣಂಗೆ ಹಸಿವು ಜೋರಾ? ಇಷ್ಟು ಬೇಗ?” ಎಂದು ಯಾರೋ ಅಂದದ್ದು, ಉಳಿದವರು ನಕ್ಕದ್ದು ಗಾಳಿಯಲ್ಲಿ ಕೇಳಿಸಿತು.

ಅವರು ಮೇಲೆ ಬರುವಷ್ಟರಲ್ಲಿ ಅನಘಾ ಗುಮ್ಮಟವನ್ನು ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದಳು. ಹತ್ತಿ ತೆಳುವಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಬಿಸಿಲುಗಣ್ಣಿನ ಅಂಕ ಈಗ ಏಳು ಪಾಯಿಂಟ್ ಎರಡು.

“ಮಸಿ,” ಎಂದಳು. “ಕಣ್ಣಿಗೆ ಕಾಣದಷ್ಟು ತೆಳು. ಬರಿಗಣ್ಣಿಗೆ ಗುಮ್ಮಟ ಶುಭ್ರವಾಗಿಯೇ ಕಾಣುತ್ತದೆ, ಆದರೆ ಆ ಕಿರಣವನ್ನು ಇದು ನುಂಗಿಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಇನ್ನಷ್ಟು ಸಮನಾಗಿ ಹರಡುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ. ಜನವರಿಯಿಂದ ಮಳೆಯಿಲ್ಲ.” ಅವಳು ಸುತ್ತ ನೋಡಿದಳು. “ಇಲ್ಲಿ ಹೊಗೆ ಎಲ್ಲಿಂದ ಬರುತ್ತದೆ? ಇಟ್ಟಿಗೆ ಗೂಡು ಇದೆಯಾ? ಅಲ್ಲಿ ಹೊಳೆಯ ಕೋಡಿಯಲ್ಲಿ ಎಂಜಿನ್ನಿನ ದೋಣಿಗಳು ಕಾಣುತ್ತಿವೆಯಲ್ಲ?”

ಬೊಮ್ಮಯ್ಯನವರ ಸೊಂಟದ ಮಡಿಕೆಯಲ್ಲಿ ಹಿತ್ತಾಳೆಯ ಡಬ್ಬಿ ಇತ್ತು. ಅದು ಕೆಂಡದ ಹಾಗೆ ತಾಗಿತು.

“ದೋಣಿ... ದೋಣಿಯದ್ದೇ ಇರಬಹುದು ಮೇಡಂ,” ಎಂದರು.

ಅರವತ್ತೆಂಟು ವರ್ಷದ ಬಾಳಿನಲ್ಲಿ ಅವರು ತಿಳಿದೂ ತಿಳಿದೂ ಆಡಿದ ಸುಳ್ಳುಗಳು ಬೆರಳೆಣಿಕೆಯಷ್ಟು. ಇದು ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಹೆದರಿಕೆಯಾಯಿತು. ಅನಘಾ ಬರೆದುಕೊಂಡಳು: ದೋಣಿಗಳ ಹೊಗೆ, ಠಾಣೆಯನ್ನು ಕೋಡಿಯಿಂದ ದೂರಕ್ಕೆ ಸ್ಥಳಾಂತರಿಸಲು ಶಿಫಾರಸು. ಇವತ್ತು ಊರಿನ ಪ್ರವಾಸಿ ಬಂಗಲೆಯಲ್ಲಿ ಉಳಿದು, ನಾಳೆ ಬೆಳಿಗ್ಗೆ ಇನ್ನೊಂದು ಹೋಲಿಕೆ ಮುಗಿಸಿ ಮುಂದಕ್ಕೆ ಹೋಗುವುದಾಗಿ ಹೇಳಿ ಹೊರಟಳು.

ಮನೆಗೆ ಬಂದರೆ ಒಲೆ ಹಚ್ಚುವ ಮನಸ್ಸಾಗಲಿಲ್ಲ. ಜಗಲಿಯ ಮೇಲೆ ಕುಳಿತರು. ಇಳಿಹೊತ್ತಿನ ಬಿಸಿಲು ಬಾಗಿಲ ಮೇಲಿನ ಹೊನ್ನಮ್ಮನ ಫೋಟೋದ ಮೇಲೆ ಬಿದ್ದಿತ್ತು. ಎರಡು ವರ್ಷದ ಹಿಂದಿನ ಮಾತು ನೆನಪಾಯಿತು. ಹೊನ್ನಮ್ಮ ಗಂಜಿಯ ಪಾತ್ರೆ ಇಳಿಸುತ್ತ ಅಂದಿದ್ದಳು.

“ಬುಧವಂತಿ ಹೇಳುತ್ತಾಳೆ, ಗಂಟೆ ಹೊಡೆಯುವ ಮೊದಲೇ ಬೆಳಕು ಕಚ್ಚುತ್ತದಂತೆ. ನನಗೂ ಹಾಗೇ ಆಗುತ್ತದೆ. ನಿಮ್ಮ ಯಂತ್ರವನ್ನು ಒಂದು ಸಲ ನೋಡಿ.”

“ನೋಡುವುದೆಂತ? ಡಿಸೆಂಬರಿನಲ್ಲಿ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟಿದ್ದಾರೆ. ಯಂತ್ರಕ್ಕಿಂತ ನೀನು ದೊಡ್ಡವಳಾ?”

ಹೊನ್ನಮ್ಮ ಆಮೇಲೆ ಆ ಮಾತು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಎರಡು ಬಿಲ್ಲೆ ಎಣಿಸಿ ಡಬ್ಬಿಗೆ ಹಾಕಿಕೊಟ್ಟಳು.

ಬುಧವಂತಿಯೇ ನೇರವಾಗಿ ಠಾಣೆಯ ಬಾಗಿಲಿಗೆ ಬಂದದ್ದೂ ಉಂಟು. ಆಗರದಲ್ಲಿ ಹುಟ್ಟಿ ಬೆಳೆದ ಹೆಂಗಸು, ಅವಳಷ್ಟು ಬೆಳ್ಳಗಿನ ಉಪ್ಪನ್ನು ಯಾರೂ ಎಳೆಯುತ್ತಿರಲಿಲ್ಲ. “ಬೊಮ್ಮಣ್ಣ, ಕಣ್ಣಲ್ಲಿ ಉಪ್ಪು ಬಿದ್ದ ಹಾಗೆ ಆಗ್ತದೆ,” ಅಂದಿದ್ದಳು. “ಉಪ್ಪಿನಾಗರದಲ್ಲಿ ಉಪ್ಪಲ್ಲದೆ ಸಕ್ಕರೆ ಬೀಳ್ತದಾ?” ಅಂದಿದ್ದರು ಇವರು. ಹಿಂದೆ ನಿಂತ ಹೆಂಗಸರು ಗೊಳ್ಳೆಂದು ನಕ್ಕಿದ್ದರು. ಬುಧವಂತಿಯೂ ನಕ್ಕಿದ್ದಳು. ಆ ವರ್ಷವೇ ಅವಳ ಎಡಗಣ್ಣಿಗೆ ಪೊರೆ ಬಂತು. ಗಂಟೆ ಮೀರಿ ಗದ್ದೆಯಲ್ಲಿ ನಿಂತಿದ್ದಕ್ಕೇ ಹೀಗಾಯಿತೆಂದು ಆಗರದ ಸಂಘ ಅವಳನ್ನು ಒಂದು ಹಂಗಾಮು ಕೆಲಸದಿಂದ ಹೊರಗಿಟ್ಟಿತು. ನಾನು ಒಂದು ದಿನವೂ ಗಂಟೆ ಮೀರಿಲ್ಲ ಎಂದು ಅವಳು ಅತ್ತು ಹೇಳಿದರೂ, ಸಭೆಯಲ್ಲಿ ನಂಬಿದ್ದು ಠಾಣೆಯ ವಹಿಯನ್ನು. ಅಂಕ ಎಲ್ಲ ದಿನವೂ ಮಿತಿಯೊಳಗೆ. ವಹಿಯ ನಕಲಿಗೆ ಸಹಿ ಹಾಕಿ ಕೊಟ್ಟವರು ಬೊಮ್ಮಯ್ಯ.

ಯೋಚಿಸುತ್ತಿರುವಾಗಲೇ ಫೋನು ಬಂತು. ಹೊನ್ನಮ್ಮನ ತಮ್ಮ ಶಿವಾನಂದ. ಅವನೂ ಕಾವಲಿನವನೇ, ನಲವತ್ತು ಮೈಲಿ ತೆಂಕಣಕ್ಕಿರುವ ಹೊಳೆಬಾಗಿಲ ಠಾಣೆಯಲ್ಲಿ.

“ಭಾವ, ನಿಮ್ಮಲ್ಲಿಗೆ ಯಾರೋ ಬಂದಿದ್ದಾರಂತೆ? ನಾಡಿದ್ದು ನಮ್ಮಲ್ಲಿಗೂ ಬರ್ತಾರಂತೆ. ಎಂತ ಕೇಳ್ತಾರೆ?”

“ಎಂತ ಇಲ್ಲ. ಯಂತ್ರ ನೋಡ್ತಾರೆ.”

“ನೋಡಲಿ ಬಿಡಿ. ನನಗೆಂತ ಹೆದರಿಕೆ? ನೀವು ಹೇಳಿಕೊಟ್ಟ ಮೇಲೆ ಒಂದು ದಿವಸ ಆರತಿ ತಪ್ಪಿಸಿಲ್ಲ. ಮೊನ್ನೆ ಗೋಕರ್ಣಕ್ಕೆ ಹೋದವ ಅರ್ಧ ಕಿಲೋ ಕರ್ಪೂರವನ್ನೇ ತಂದಿಟ್ಟಿದ್ದೇನೆ. ಅಕ್ಕ ಇದ್ದಿದ್ದರೆ ಬೈತಿದ್ದಳು, ಅಂಗಡಿ ಇಡ್ತೀಯನಾ ಅಂತ.” ಅವನು ನಕ್ಕ. “ಎಲ್ಲರೂ ಮಾಡ್ತಾರೆ ಭಾವ, ಏಳೂ ಠಾಣೆಯವರು. ನಿಮ್ಮ ಹೆಸರು ಹೇಳಿಯೇ ಹಚ್ಚುತ್ತಾರೆ.”

ಬೊಮ್ಮಯ್ಯ ಫೋನು ಇಟ್ಟರು. ಹನ್ನೊಂದು ವರ್ಷದ ಹಿಂದೆ ಕಾವಲಿನವರ ಕೂಟದಲ್ಲಿ ಎದ್ದು ನಿಂತು, ಯಂತ್ರವನ್ನು ಬರೀ ಯಂತ್ರವೆಂದು ನೋಡಬೇಡಿ ಎಂದು ಹೇಳಿದವರು ಅವರೇ. ಏಳು ಜನ ತಲೆಬಾಗಿ ಕೇಳಿದ್ದರು. ಕರಾವಳಿಯ ಆ ಏಳು ಠಾಣೆಗಳ ಹತ್ತಿರವೂ ದೋಣಿಗಳಿವೆ, ಅಲ್ಲೂ ಇದನ್ನೇ ಬರೆದಾರು. ನಾಳೆ ಬೆಳಿಗ್ಗೆ ಏಳು ಕಡೆ ಕರ್ಪೂರ ಹೊತ್ತಿಕೊಳ್ಳುತ್ತದೆ, ನಾಡಿದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ದೋಣಿಯ ಹೊಗೆ ಎಂದು ಬರೆದ ಆ ಒಂದು ಸಾಲಿನ ನೆರಳಿನಲ್ಲಿ ಅದು ವರ್ಷಗಟ್ಟಲೆ ನಡೆಯುತ್ತದೆ.

ಹೇಳಿದರೆ ಕೆಲಸ ಹೋದೀತು, ಹೋಗಲಿ. ಹೆದರಿಕೆ ಅದರದ್ದಲ್ಲ. ಬೇರೊಬ್ಬರಿಗೆ ಹೇಳಿಬಿಟ್ಟರೆ ತನಗೆ ತಾನೇ ಹೇಳಿಕೊಂಡಂತಾಗುತ್ತದೆ. ಹೊನ್ನಮ್ಮನ ರೆಪ್ಪೆಯ ಮೇಲಿನ ಹುಣ್ಣು ಎಲ್ಲಿಂದ ಬಂತೆಂಬುದನ್ನು ಆಮೇಲೆ ವಿಧಿಯ ತಲೆಗೆ ಕಟ್ಟುವಂತಿಲ್ಲ.

ಡಬ್ಬಿಯನ್ನು ದೇವರ ಮುಂದಿಟ್ಟು ಕೈಮುಗಿದರು. ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕ್ಷಮೆ ಬೇಡುವುದಕ್ಕೆ ಬಾಯಿ ಬರಲಿಲ್ಲ. ನಾಳೆ ಬೆಳಿಗ್ಗೆ ಕೈ ನಡುಗದಿರಲಿ ಎಂದಷ್ಟೇ ಕೇಳಿದರು.

ಮರುದಿನ ಅನಘಾ ಬರುವ ಹೊತ್ತಿಗೆ ಅವರು ಮಿಂದು, ಪಂಚೆಯುಟ್ಟು ತಾರಸಿಯ ಮೇಲೆ ನಿಂತಿದ್ದರು. ಗುಮ್ಮಟವನ್ನು ಆಲ್ಕೋಹಾಲಿನಲ್ಲಿ ತೊಳೆದಿಟ್ಟಿದ್ದರು.

“ಮೇಡಂ, ನಿಮ್ಮ ಪೆಟ್ಟಿಗೆಯಲ್ಲಿ ಪರೀಕ್ಷೆಯ ದೀಪ ಇದೆಯಲ್ಲ? ಅದನ್ನು ಇದಕ್ಕೆ ಹಾಕಿ. ಬಂದ ಅಂಕ ಬರೆದುಕೊಳ್ಳಿ.”

ಅವಳಿಗೆ ಆಶ್ಚರ್ಯವಾಯಿತು, ಆದರೂ ಹೇಳಿದಂತೆ ಮಾಡಿದಳು. ಟೋಪಿಯಂತೆ ಗುಮ್ಮಟದ ಮೇಲೆ ಕೂರುವ ಆ ದೀಪ ಯಾವಾಗಲೂ ಒಂದೇ ಪ್ರಮಾಣದ ಬೆಳಕು ಕೊಡುತ್ತದೆ, ಅದನ್ನು ನೂರು ಎಂದು ಎಣಿಸುವುದು ಪದ್ಧತಿ. ನೂರು ಪಾಯಿಂಟ್ ಸೊನ್ನೆ ಎಂದು ಬಂತು.

“ಈಗ ದೀಪ ತೆಗೆಯಿರಿ.”

ಬೊಮ್ಮಯ್ಯ ಡಬ್ಬಿ ತೆರೆದು ಎರಡು ಬಿಲ್ಲೆ ತಟ್ಟೆಗೆ ಹಾಕಿ ಹಚ್ಚಿದರು. ಗಾಳಿಗೆ ಎಡಗೈ ಅಡ್ಡ ಹಿಡಿದರು. ಇಪ್ಪತ್ತಾರು ವರ್ಷ ಮಾಡಿದಂತೆಯೇ, ಅದೇ ಮಂತ್ರ ಹೇಳಿ, ಅಷ್ಟೇ ಹತ್ತಿರದಿಂದ ಮೂರು ಸುತ್ತು ಬೆಳಗಿದರು. ಕೈ ನಡುಗಲಿಲ್ಲ. ಕಣ್ಣಿಗೆ ಒತ್ತಿಕೊಳ್ಳುವುದಕ್ಕೆಂದು ಅಂಗೈಯನ್ನು ಜ್ವಾಲೆಯ ಮೇಲೆ ಹಿಡಿದವರು, ಅರ್ಧಕ್ಕೇ ಕೈ ಇಳಿಸಿದರು.

“ಈಗ ದೀಪ ಹಾಕಿ ನೋಡಿ.”

ತೊಂಬತ್ತೊಂಬತ್ತು ಪಾಯಿಂಟ್ ಏಳು.

“ದಿನಕ್ಕೆ ಇಷ್ಟು, ಮೇಡಂ,” ಎಂದರು ಬೊಮ್ಮಯ್ಯ. “ಜನವರಿ ಒಂದರಿಂದ ಇವತ್ತಿಗೆ ನೂರು ದಿನದ ಮೇಲಾಯಿತು. ದೋಣಿಯ ಹೊಗೆ ಅಂತ ಬರೆದದ್ದನ್ನು ಹೊಡೆದುಹಾಕಿ. ನನ್ನ ಹೆಸರು ಬರೆಯಿರಿ.”

ಅನಘಾ ತಟ್ಟೆಯಲ್ಲಿ ಆರುತ್ತಿದ್ದ ಜ್ವಾಲೆಯನ್ನೂ ಅವರ ಮುಖವನ್ನೂ ನೋಡಿದಳು. ಅವಳಿಗೆ ಏನೋ ಸಮಾಧಾನ ಹೇಳಬೇಕೆನಿಸಿತು.

“ನಮ್ಮ ನಿಯಮದ್ದೂ ತಪ್ಪಿದೆ ನಾಯಕರೇ. ಪ್ರತಿ ಸಲ ತೊಳೆದು ನೋಡಿದರೆ ಕೊಳೆ ಹೇಗೆ ಕಂಡೀತು? ನೀವು ಬೇಕೆಂದು ಮಾಡಿದ್ದಲ್ಲವಲ್ಲ.”

“ಮೊದಲಿನದು ಬೇಕೆಂದು ಮಾಡಿದ್ದಲ್ಲ. ನಿನ್ನೆಯದು ಬೇಕೆಂದೇ ಮಾಡಿದ್ದು.” ಅವರು ತಟ್ಟೆಯನ್ನು ಕೆಳಗಿಟ್ಟರು. “ಇನ್ನೂ ಏಳು ಠಾಣೆಯಲ್ಲಿ ಇದೇ ನಡೆಯುತ್ತಿದೆ. ನಾನು ಕಲಿಸಿದ್ದು. ನೀವು ಆಜ್ಞೆ ಕಳಿಸಿದರೆ ಅವರು ನಂಬಲಿಕ್ಕಿಲ್ಲ. ನಾನೇ ಹೇಳುತ್ತೇನೆ.”

ಒಬ್ಬೊಬ್ಬರಂತೆ ಏಳು ಜನಕ್ಕೂ ಫೋನು ಮಾಡಿದರು. ಕೊನೆಯದು ಶಿವಾನಂದನಿಗೆ. ಎಲ್ಲ ಕೇಳಿದ ಮೇಲೆ ಅವನು, “ಹಾಗಾದರೆ ಅಕ್ಕ...?” ಎಂದ.

“ಹೌದು,” ಎಂದರು ಬೊಮ್ಮಯ್ಯ. ಆ ಕಡೆಯಿಂದ ಫೋನು ಕಡಿದುಹೋಯಿತು.

ಆಮೇಲೆ ದಂಡೆ ಇಳಿದು ಗದ್ದೆಗೆ ನಡೆದರು. ಹೊತ್ತು ಇನ್ನೂ ಎಂಟೂವರೆ. ಬುಧವಂತಿ ಸೊಂಟಕ್ಕೆ ಸೆರಗು ಬಿಗಿದು ಹಲಗೆ ಎಳೆಯುತ್ತಿದ್ದಳು. ಅವಳ ಎಡಗಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಸುತ್ತಲಿನ ಹೆಂಗಸರು ಕೇಳುವ ಹಾಗೆ ಬೊಮ್ಮಯ್ಯ ಎಲ್ಲವನ್ನೂ ಹೇಳಿದರು. ಕರ್ಪೂರವನ್ನು ಹೇಳಿದರು, ಮಸಿಯನ್ನು ಹೇಳಿದರು, ಸಂಘದ ಸಭೆಯಲ್ಲಿ ಕೊಟ್ಟ ನಕಲು ಸುಳ್ಳಾಗಿತ್ತೆಂದು ಹೇಳಿದರು. ಅವಳು ಗಂಟೆ ಮೀರಿರಲಿಲ್ಲ, ಗಂಟೆಯೇ ತಡವಾಗಿತ್ತು. ಇದನ್ನು ಸಂಘಕ್ಕೆ ಬರೆದು ಕೊಡುತ್ತೇನೆ ಎಂದರು.

ಬುಧವಂತಿ ಹಲಗೆಯ ಹಿಡಿಕೆಯ ಮೇಲೆ ಗದ್ದವೂರಿ ನಿಂತು ಕೇಳಿದಳು.

“ಕರ್ಪೂರದ್ದು ದೊಡ್ಡದಲ್ಲ ಬೊಮ್ಮಣ್ಣ,” ಎಂದಳು. “ದೇವರಿಗೆ ಹಚ್ಚಿದ್ದು. ನಾನಾದರೂ ಹಚ್ಚುತ್ತಿದ್ದೆ. ಆದರೆ ನಾವು ಬಾಗಿಲಿಗೆ ಬಂದು ಹೇಳಿದ್ವಲ್ಲ? ಹೊನ್ನಕ್ಕ ಹೇಳಿದಳಲ್ಲ? ನಲವತ್ತು ಹೆಂಗಸರ ಎಂಬತ್ತು ಕಣ್ಣು. ನಿಮಗೆ ಕಂಬದ ಮೇಲಿನದ್ದು ಒಂದೇ ಕಣ್ಣು.”

ಬೊಮ್ಮಯ್ಯ ತಲೆ ತಗ್ಗಿಸಿದರು. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ತಿರುಗಿ ಉಪ್ಪು ಎಳೆಯಲು ನಿಂತಳು. ಗದ್ದೆಯ ಬಿಳುಪು ಕೆಳಗಿನಿಂದ ಅವಳ ಮುಖಕ್ಕೆ ಹೊಡೆಯುತ್ತಿತ್ತು.

ಕೋಣೆಗೆ ಮರಳಿ ಅವರು ವಹಿ ತೆರೆದರು. ಹೊತ್ತು, ಅಂಕ, ಸಹಿ ಎಂದು ಮೂರು ಅಂಕಣ ಇದ್ದವು. ಇಲಾಖೆ ಮುಂದೆ ಏನು ಮಾಡುತ್ತದೋ, ಹೊಸ ಕಾವಲಿನವ ಎಂದು ಬರುತ್ತಾನೋ ತಿಳಿಯದು. ಅಲ್ಲಿಯವರೆಗೆ ಗಂಟೆಯ ಹಗ್ಗ ಅವರ ಕೈಯಲ್ಲಿಯೇ ಇರಲಿ ಎಂದು ಅನಘಾ ಬರೆದುಕೊಟ್ಟಿದ್ದಳು. ಬೊಮ್ಮಯ್ಯ ಅಡಿಪಟ್ಟಿಯಿಟ್ಟು ಪುಟದ ಅಂಚಿನಲ್ಲಿ ನಾಲ್ಕನೆಯ ಅಂಕಣಕ್ಕೆ ಗೆರೆ ಎಳೆದರು. ಮೇಲೆ ಬರೆದರು: ಆಗರದವರು ಹೇಳಿದ್ದು.

ಒಂಬತ್ತೂಕಾಲಿಗೆ ಅಂಕ ಐದು ಪಾಯಿಂಟ್ ಎಂಟು ಇತ್ತು. ಮಿತಿಯೊಳಗೇ ಇತ್ತು. ಅವರು ಬಾಗಿಲಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಗದ್ದೆಯ ಕಡೆ ಕೂಗಿದರು.

“ಬುಧವಂತೀ, ಬೆಳಕು ಹೇಗಿದೆ?”

ಹೆಂಗಸರು ಕೆಲಸ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಠಾಣೆಯಿಂದ ಇಂಥ ಪ್ರಶ್ನೆ ಬಂದಿರಲಿಲ್ಲ. ಬುಧವಂತಿ ಈಗ ಕಣ್ಣಿಗೆ ಇಳಿಸಿಕೊಂಡಿದ್ದ ಕನ್ನಡಕವನ್ನು ಹಣೆಗೆ ಏರಿಸಿ, ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ, ಬಹಳ ಹೊತ್ತು ಆಕಾಶ ನೋಡಿದಳು.

“ಕಚ್ಚುತ್ತಿದೆ!” ಎಂದು ಕೂಗಿದಳು.

ಬೊಮ್ಮಯ್ಯ ಅದನ್ನು ಹಾಗೆಯೇ ಬರೆದು, ಹೋಗಿ ಹಗ್ಗ ಹಿಡಿದರು.